ಗೊರಕೆ ನಿಂತ ಗಳಿಗೆ

ನಮ್ಮ ಮನೆಗಳಲ್ಲಿ ‘ದಮ್ಮು’ ಎಂಬ ಒಂದೇ ಮಾತು ಹಲವು ಕಾಯಿಲೆಗಳ ಭಾರವನ್ನು ಹೊತ್ತಿದೆ. ವರ್ಷಗಟ್ಟಲೆ ಬೀಡಿಯ ಹೊಗೆಯನ್ನೋ ಕಟ್ಟಿಗೆ, ಕುಳ್ಳಿನ ಒಲೆಯ ಹೊಗೆಯನ್ನೋ ಕುಡಿದ ಶ್ವಾಸಕೋಶಕ್ಕೆ ಬರುವ ಕಾಯಿಲೆಯನ್ನು ವೈದ್ಯರು ಸಿಓಪಿಡಿ ಎನ್ನುತ್ತಾರೆ. ಶ್ವಾಸನಾಳಗಳು ಕಿರಿದಾಗಿ, ಒಳಹೊಕ್ಕ ಗಾಳಿ ಪೂರ್ತಿ ಹೊರಬರದಿರುವುದು ಇದರ ಸ್ವರೂಪ. ಹಗಲಿನ ಏದುಸಿರು ಎಲ್ಲರ ಕಣ್ಣಿಗೂ ಬೀಳುತ್ತದೆ. ಇರುಳಿನಲ್ಲಿ ನಡೆಯುವುದು ರೋಗಿಗೇ ತಿಳಿಯದು.

ನಿದ್ರೆಯಲ್ಲಿ ಎಲ್ಲರ ಉಸಿರಾಟವೂ ತುಸು ಮೇಲುಮೇಲಾಗುತ್ತದೆ. ಕನಸು ಬೀಳುವ ಹಂತದಲ್ಲಿ ಎದೆ ಮತ್ತು ಕುತ್ತಿಗೆಯ ಸ್ನಾಯುಗಳು ಸಡಿಲಗೊಂಡು, ಉಸಿರಾಟದ ಭಾರವೆಲ್ಲ ವಪೆಯ ಮೇಲೆ ಬೀಳುತ್ತದೆ. ಸಿಓಪಿಡಿ ಇರುವವರಲ್ಲಿ ಗಾಳಿ ತುಂಬಿ ಉಬ್ಬಿದ ಶ್ವಾಸಕೋಶವು ವಪೆಯನ್ನು ಕೆಳಕ್ಕೆ ಒತ್ತಿ ಚಪ್ಪಟೆಯಾಗಿಸಿರುತ್ತದೆ. ಅದರ ಬಲ ಕುಂದಿರುತ್ತದೆ. ಆಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ.

ಇದರ ಜೊತೆಗೆ ನಿದ್ರೆಯಲ್ಲಿ ಗಂಟಲೇ ಮುಚ್ಚಿಕೊಂಡು 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ಉಸಿರು ಮತ್ತೆ ಮತ್ತೆ ನಿಲ್ಲುವ ತೊಂದರೆ ಕೆಲವರಿಗೆ ಇರುತ್ತದೆ. ಇದಕ್ಕೆ ಸ್ಲೀಪ್ ಆಪ್ನಿಯಾ ಎಂದು ಹೆಸರು. ಎರಡೂ ಒಬ್ಬರಲ್ಲೇ ಸೇರಿದ ಸ್ಥಿತಿಯನ್ನು 1985ರಲ್ಲಿ ಎಡಿನ್‌ಬರೋದ ವೈದ್ಯ ಡೇವಿಡ್ ಫ್ಲೆನ್ಲಿ ‘ಓವರ್‌ಲ್ಯಾಪ್ ಸಿಂಡ್ರೋಮ್’ ಎಂದು ಕರೆದರು. ಚಿಕಿತ್ಸೆ ಸಿಗದಿದ್ದರೆ ಹೃದಯದ ಬಲಭಾಗದ ಮೇಲೆ ಒತ್ತಡ ಬಿದ್ದು ಕಾಲು ಬಾಯಬಹುದು.

ಮಲಗಿದವರಿಗೆ ಕಾಣದ್ದು ಮನೆಯವರಿಗೆ ಕಾಣುತ್ತದೆ. ಅಜ್ಜನ ಜೋರಾದ ಗೊರಕೆ ಥಟ್ಟನೆ ನಿಂತು, ಕೆಲಹೊತ್ತಿನ ಮೌನದ ಬಳಿಕ ಉಸಿರುಗಟ್ಟಿದಂತೆ ಮತ್ತೆ ಆರಂಭವಾಗುವುದೇ? ಬೆಳಗ್ಗೆ ತಲೆನೋವು ಇರುವುದೇ? ಹಗಲಲ್ಲಿ ಕುಳಿತಲ್ಲೇ ತೂಕಡಿಸುವರೇ? ಮಕ್ಕಳು ಇದನ್ನು ದಿನಾಂಕ ಸಹಿತ ಒಂದು ಹಾಳೆಯಲ್ಲಿ ಬರೆದಿಟ್ಟರೆ ವೈದ್ಯರಿಗೆ ದೊಡ್ಡ ನೆರವು.

“ನಿದ್ದೆ ಸರಿಯಾಗುತ್ತಿಲ್ಲ” ಎಂಬ ಹಿರಿಯರ ಮಾತಿಗೆ ಔಷಧ ಅಂಗಡಿಯಿಂದ ನಿದ್ರೆಯ ಮಾತ್ರೆ ತಂದುಕೊಡುವುದು ಅಪಾಯ. ಅದು ಮದ್ಯದಂತೆಯೇ ಉಸಿರಾಟವನ್ನು ಇನ್ನಷ್ಟು ಕುಗ್ಗಿಸಬಲ್ಲದು. ವೈದ್ಯರ ಸಲಹೆಯಿಲ್ಲದೆ ಆಮ್ಲಜನಕ ಕೊಡುವುದೂ ಸಲ್ಲದು; ಇಂಗಾಲದ ಡೈಆಕ್ಸೈಡ್ ಮತ್ತಷ್ಟು ಏರಬಹುದು.

ಪರಿಹಾರವಿದೆ. ಊದುವ ಯಂತ್ರದ ಸ್ಪೈರೊಮೆಟ್ರಿ ಪರೀಕ್ಷೆ ಶ್ವಾಸಕೋಶದ ಸ್ಥಿತಿಯನ್ನು ತಿಳಿಸಿದರೆ, ರಾತ್ರಿಯ ನಿದ್ರಾಪರೀಕ್ಷೆ ಉಸಿರು ನಿಲ್ಲುವುದನ್ನು ಎಣಿಸುತ್ತದೆ. ಮುಖವಾಡದ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರದ ವಿಧಾನವನ್ನು ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದರು. ಇವೆಲ್ಲಕ್ಕಿಂತ ಮೊದಲಿನ ಹೆಜ್ಜೆ ಬೀಡಿಯನ್ನು ಬಿಡುವುದು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನ ನಮ್ಮ ಮನೆಗಳಿಗೆ ಇನ್ನೊಂದು ಮಾತು. ಆಸ್ಪತ್ರೆಯಲ್ಲಿ ಹಿರಿಯರ ಕನ್ನಡವನ್ನು ಮರಾಠಿಗೆ ತಿರುಗಿಸುವವರು ಅನೇಕ ವೇಳೆ ಶಾಲೆಯ ಮಕ್ಕಳೇ. ‘ದಮ್ಮು’ ಎಂಬುದನ್ನು ‘ದಮಾ’ ಎಂದುಬಿಟ್ಟರೆ ವೈದ್ಯರು ಅಸ್ತಮಾ ಎಂದು ತಿಳಿದಾರು. ಏದುಸಿರಿಗೆ ‘ಧಾಪ್ ಲಾಗಣೆ’, ಗೊರಕೆಗೆ ‘ಘೋರಣೆ’ ಎನ್ನಬೇಕು. ಉಸಿರು ನಿಂತದ್ದನ್ನು ನೀವೇ ಕಂಡಿದ್ದರೆ ಅದನ್ನು ಮರೆಯದೆ ಹೇಳಬೇಕು. ಅಜ್ಜನಿಗೆ ಗೊತ್ತಿಲ್ಲದ ಆ ಒಂದು ಸಂಗತಿಯನ್ನು ವೈದ್ಯರಿಗೆ ತಲುಪಿಸಬಲ್ಲವರು ಪಕ್ಕದಲ್ಲಿ ಮಲಗಿದ್ದ ನೀವೇ.