ಹರಿದ ನೆಟ್ಟಿಗೆ ತ್ಯಾಪಿ ಹಚ್ಚಿದರೆ ನಾಚಿಕೆ ಯಾಕೆ?

ಈ ಸಲದ ಗೋಡೆ ಪತ್ರಿಕೆಗೆ ನಾನು ನಮ್ಮ ವಾಲಿಬಾಲ್ ನೆಟ್ಟಿನ ಬಗ್ಗೆ ಬರೆಯುತ್ತಿದ್ದೇನೆ. ಓದಿ ಸಿಟ್ಟಾಗಬೇಡಿ. ಸಿಟ್ಟು ಬಂದರೆ ಮುಂದಿನ ಸಂಚಿಕೆಗೆ ಉತ್ತರ ಬರೆಯಿರಿ.

ನಮ್ಮ ನೆಟ್ಟು ಹರಿದಿದೆ ಎಂದು ಎಲ್ಲರಿಗೂ ಗೊತ್ತು. ಯಾರು ಹರಿದರು ಎಂದು ಕೇಳಿದರೆ ಮಾತ್ರ ಯಾರಿಗೂ ಗೊತ್ತಿಲ್ಲ! ಮೇಲಿನ ಬಿಳಿ ಬಟ್ಟೆಯ ಪಟ್ಟಿ ಒಂದು ಗೇಣು ಕಿತ್ತು ಹೋಗಿ ಒಳಗಿನ ಹಗ್ಗ ಹೊರಗೆ ಕಾಣುತ್ತದೆ. ಎಷ್ಟು ಬಿಗಿದು ಕಟ್ಟಿದರೂ ಅಲ್ಲಿ ನೆಟ್ಟು ಜೋತು ಬೀಳುತ್ತದೆ. ನಡುವೆ ಒಂದು ದೊಡ್ಡ ತೂತು. ಚೆಂಡು ಆ ಕಡೆ ಹೋದ ಕೂಡಲೇ "ಮ್ಯಾಲಿಂದ ಹೋತು" ಅಂತ ಒಬ್ಬರು, "ಇಲ್ಲ, ತೂತಿನ್ಯಾಗಿಂದ ಹೋತು" ಅಂತ ಇನ್ನೊಬ್ಬರು. ಆಟ ಹತ್ತು ನಿಮಿಷ, ಜಗಳ ಅರ್ಧ ತಾಸು.

ಹೊಸ ನೆಟ್ಟು ತರೋಣ ಎಂದು ಗುರುಗಳಿಗೆ ಹೇಳದೆ ನಾವು ಮಕ್ಕಳೇ ತಲೆಗೆ 20 ರೂಪಾಯಿ ಕೂಡಿಸಲು ಶುರು ಮಾಡಿದೆವು. ಹೆಸರುಗಳ ಪಟ್ಟಿ ಬರೆದವಳು ನಾನೇ. "ರೊಕ್ಕ ಕೊಡದವರಿಗೆ ಆಟ ಇಲ್ಲ" ಎಂದು ಕೆಳಗೆ ಕೆಂಪು ಪೆನ್ನಿನಿಂದ ಬರೆದವಳೂ ನಾನೇ. ಮರುದಿನದಿಂದ ನನ್ನ ಗೆಳತಿಯೊಬ್ಬಳು ಮೈದಾನಕ್ಕೆ ಬರಲಿಲ್ಲ. ಅವಳಷ್ಟು ಚೆನ್ನಾಗಿ ಚೆಂಡು ಎತ್ತಿಕೊಡುವವರು ನಮ್ಮಲ್ಲಿ ಯಾರೂ ಇಲ್ಲ. ಕೇಳಿದರೆ "ಹೊಟ್ಟಿ ನೋವು" ಅಂದಳು. ನಾಲ್ಕನೇ ದಿನ ಅವಳ ಅವ್ವ ನಳದ ಹತ್ತಿರ ಸಿಕ್ಕು, "ಎರಡು ದಿನ ತಡಿ ಯವ್ವಾ, ಕೂಲಿ ರೊಕ್ಕ ಬಂದ ಮ್ಯಾಲೆ ಕೊಡತೀನಿ" ಅಂದರು. ನನಗೆ ಮಾತೇ ಬರಲಿಲ್ಲ. ದೊಡ್ಡವರು ನನ್ನ ಮುಂದೆ ಹಾಗೆ ನಿಂತು ಹೇಳುವ ಹಾಗೆ ಮಾಡಿದ್ದು ನಾನು ಬರೆದ ಆ ಒಂದು ಸಾಲು. (ಇದನ್ನು ಗೆಳತಿಯನ್ನು ಕೇಳಿಯೇ ಬರೆದಿದ್ದೇನೆ. ಹೆಸರು ಬೇಡ ಅಂದಳು.)

ಮನೆಗೆ ಹೋಗಿ ಅಜ್ಜಿಗೆ ಹೇಳಿದೆ. ಅಜ್ಜಿ ಕೌದಿ ಹೊಲಿಯುತ್ತಾ ಕೂತಿದ್ದಳು. "ಹರದದ್ದು ಒಂದು ಗೇಣು, ತರೂದು ಇಡೀ ನೆಟ್ಟು? ಹೊಲದರ ಆಗೂದಿಲ್ಲೇನು?" ಅಂದಳು. "ತ್ಯಾಪಿ ನೆಟ್ಟು ಕಟ್ಟಿದರ ಬ್ಯಾರೆ ಸಾಲಿಯವರು ನಗತಾರ" ಅಂದೆ. ಅದಕ್ಕೆ ಅಜ್ಜಿ, "ರಾತ್ರಿ ಹೊತಗೊಂಡು ಮಲಗೂ ಕೌದಿ ತುಂಬ ತ್ಯಾಪಿನೇ ಐತಿ. ಅದನ್ನ ನೋಡಿ ಯಾರು ನಗತಾರ?" ಅಂದಳು. ನಾನು ಆವತ್ತೇ ಮನಸ್ಸು ಬದಲಾಯಿಸಿದೆ. ನನ್ನ ಅಭಿಪ್ರಾಯ ಇಷ್ಟೇ: ನಮ್ಮ ನೆಟ್ಟನ್ನು ನಾವೇ ಹೊಲಿಯಬೇಕು. ಕೂಡಿಸಿದ ರೊಕ್ಕ ವಾಪಸ್ಸು ಕೊಡಬೇಕು.

ಹೊಲಿದರೆ ನಿಲ್ಲುತ್ತದೆಯೇ ಎಂದು ಕೆಲವರು ಕೇಳಬಹುದು. ಸರಿಯಾಗಿ ಹೊಲಿದರೆ ನಿಲ್ಲುತ್ತದೆ. ಹಳೇ ಕ್ಯಾನ್ವಾಸ್ ಚೀಲದ ಬಟ್ಟೆ ಸಾಕು. ಮೊದಲು ಅದನ್ನು ಒಗೆದು ಒಣಗಿಸಬೇಕು, ಇಲ್ಲದಿದ್ದರೆ ಮಳೆಗೆ ತೊಯ್ದು ಕುಗ್ಗಿ ಹೊಲಿಗೆಯನ್ನು ಎಳೆಯುತ್ತದೆ. ತ್ಯಾಪಿ ಹರಿದ ಜಾಗಕ್ಕಿಂತ ಎರಡೂ ಕಡೆ ಎರಡು ಎರಡು ಇಂಚು ಉದ್ದ ಇರಬೇಕು. ಯಾಕೆಂದರೆ ಹರಿದ ಅಂಚಿನ ಬಟ್ಟೆ ಮೊದಲೇ ಸೋತಿರುತ್ತದೆ, ಅಲ್ಲಿ ಸೂಜಿ ಹಾಕಿದರೆ ಮತ್ತೆ ಪಿಸಿಯುತ್ತದೆ. ಗಟ್ಟಿ ಬಟ್ಟೆಯಿಂದ ಹೊಲಿಗೆ ಶುರು ಮಾಡಿ ಗಟ್ಟಿ ಬಟ್ಟೆಯಲ್ಲೇ ಮುಗಿಸಬೇಕು. ಅಂಚನ್ನು ಒಳಗೆ ಮಡಚಿ, ಜೋಡಿ ದಾರ ಹಾಕಿ, ದಬ್ಬಣದಿಂದ ಸಣ್ಣ ಸಣ್ಣ ಹೊಲಿಗೆ ಹಾಕಬೇಕು. ಹಗ್ಗ ಮಾತ್ರ ಹೊಲಿಗೆಯಲ್ಲಿ ಸಿಕ್ಕಬಾರದು, ಅದು ಪಟ್ಟಿಯೊಳಗೆ ಸರಾಗ ಸರಿದಾಡಬೇಕು.

ತೂತಿನ ವಿಷಯಕ್ಕೆ ನಮ್ಮೂರ ಕೆರೆಯಲ್ಲಿ ಮೀನು ಹಿಡಿಯುವ ಕಾಕಾನನ್ನು ಕೇಳಿದೆ. ಬಲೆ ಹರಿದಾಗಲೆಲ್ಲ ಹೊಸ ಬಲೆ ತಂದರೆ ಹೊಟ್ಟೆಗೆ ಏನು ತಿನ್ನೋದು ಎಂದು ನಕ್ಕರು. ಜಾರದ ಗಂಟು ಹಾಕುವುದನ್ನು ತೋರಿಸಿಕೊಟ್ಟರು. ನಾನು ಐದು ಸಲ ತಪ್ಪಿದೆ, ಆರನೇ ಸಲ ಬಂತು. ನೈಲಾನ್ ದಾರದ ತುದಿ ಬಿಚ್ಚಿಕೊಳ್ಳದಂತೆ ಬೆಂಕಿ ತೋರಿಸಿ ಕರಗಿಸಬೇಕು. ಅದನ್ನು ದೊಡ್ಡವರು ಮಾಡಲಿ.

ಇನ್ನೊಂದು ವಿಷಯ. ಗಣಿತದಲ್ಲಿ ಸುತ್ತಳತೆ ಕಲಿತಿದ್ದೇವಲ್ಲ, ಅದನ್ನು ನೆಟ್ಟಿಗೆ ಹಚ್ಚಿ ನೋಡಿದೆ. ನೆಟ್ಟಿನ ಒಂದು ಚೌಕದ ಬದಿ 10 ಸೆಂ.ಮೀ. ಚೆಂಡಿನ ಸುತ್ತಳತೆ 65ರಿಂದ 67 ಸೆಂ.ಮೀ. ಎರಡು ಚೌಕದ ನಡುವಿನ ಒಂದು ಎಳೆ ಹರಿದರೆ ತೂತಿನ ಸುತ್ತಳತೆ 60 ಸೆಂ.ಮೀ. ಆಗುತ್ತದೆ, ಚೆಂಡು ತೂರುವುದಿಲ್ಲ. ಪಕ್ಕದ ಇನ್ನೊಂದು ಎಳೆ ಹರಿದರೆ 80 ಆಗುತ್ತದೆ, ಆಗ ತೂರುತ್ತದೆ. ಅಂದರೆ ಮೊದಲನೇ ಎಳೆ ಹರಿದ ದಿನವೇ ಒಂದು ಗಂಟು ಹಾಕಿದ್ದರೆ ಈ ಜಗಳ ಇರುತ್ತಲೇ ಇರಲಿಲ್ಲ.

ಕೆಲವು ಹುಡುಗರು "ಹೊಲಿಗಿ ಹುಡುಗ್ಯಾರ ಕೆಲಸ" ಅಂದರು. ಹಾಗಾದರೆ ನಮ್ಮೂರ ಟೇಲರ್ ಯಾರು? ಬಲೆ ಕಟ್ಟುವ ಕಾಕಾ ಯಾರು? ಹೊಲದಲ್ಲಿ ಗೋಣಿಚೀಲದ ಬಾಯಿ ಹೊಲಿಯುವ ನಿಮ್ಮ ಅಪ್ಪ ಯಾರು? ನೆಟ್ಟು ಹಿಡಿದು ಜೋತಾಡುವಾಗ ಹುಡುಗರು, ಹೊಲಿಯುವಾಗ ಹುಡುಗಿಯರು, ಇದು ಯಾವ ನ್ಯಾಯ?

ಇನ್ನು ಕೆಲವರು, ಒಳ್ಳೇ ಸಾಮಾನು ಇಲ್ಲದೆ ಒಳ್ಳೇ ಆಟ ಬರೋದಿಲ್ಲ ಅನ್ನುತ್ತಾರೆ. ವಾಲಿಬಾಲ್ ಆಟವನ್ನು 1895ರಲ್ಲಿ ಅಮೆರಿಕದ ಹೋಲಿಯೋಕ್ ಊರಿನಲ್ಲಿ ವಿಲಿಯಂ ಮಾರ್ಗನ್ ಎಂಬುವರು ಶುರು ಮಾಡಿದರು. ಅವರಿಗೂ ಈ ಆಟಕ್ಕೆ ಅಂತಲೇ ಮಾಡಿದ ನೆಟ್ಟು ಸಿಕ್ಕಿರಲಿಲ್ಲ. ಟೆನಿಸ್ ಆಟದ ನೆಟ್ಟನ್ನೇ ಆರೂವರೆ ಅಡಿ ಎತ್ತರಕ್ಕೆ ಕಟ್ಟಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ಹಾಗೆ ಅನ್ನಬಾರದು.

ಹೊಸ ನೆಟ್ಟು ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ನೈಲಾನ್ ಮಳೆಗೆ ಕೊಳೆಯುವುದಿಲ್ಲ, ಆದರೆ ಬಿಸಿಲಿನ ನೇರಳಾತೀತ ಕಿರಣಕ್ಕೆ ವರ್ಷಗಟ್ಟಲೆ ಸಿಕ್ಕರೆ ಸೋಲುತ್ತದೆ. ಕೈಯಲ್ಲಿ ಎಳೆದರೇ ಎಳೆ ತುಂಡಾದರೆ ಅದಕ್ಕೆ ಯಾವ ತ್ಯಾಪಿಯೂ ನಿಲ್ಲದು. ಆಗ ಹೊಸದನ್ನು ಕೇಳೋಣ. ಆದರೆ ಅದನ್ನು ಶಾಲೆಯ ಪರವಾಗಿ ಗುರುಗಳು ಕೇಳಲಿ. ನಾವು ಒಬ್ಬರನ್ನೊಬ್ಬರು ಕೇಳುವುದು ಬೇಡ. ನಮ್ಮ ನೆಟ್ಟಿನ ಎಳೆಗಳನ್ನು ನಾನು ಎಳೆದು ನೋಡಿದ್ದೇನೆ, ಇನ್ನೂ ಗಟ್ಟಿ ಇವೆ.

ಅದಕ್ಕೆ ನನ್ನ ವಿನಂತಿ:

1) ಬರುವ ಶನಿವಾರ ಶಾಲೆ ಬಿಟ್ಟ ಮೇಲೆ ಎಲ್ಲರೂ ಬೇವಿನ ಗಿಡದ ಕೆಳಗೆ ಸೇರೋಣ. ಅಜ್ಜಿ ದಬ್ಬಣ ಕೊಡುತ್ತಾಳೆ, ಕಾಕಾ ಬರುತ್ತೇನೆ ಅಂದಿದ್ದಾರೆ.

2) ಆಟ ಮುಗಿದ ಮೇಲೆ ದಿನಾ ನೆಟ್ಟು ಬಿಚ್ಚಿ ಸುತ್ತಿ ಇಡಬೇಕು. ತೊಯ್ದಿದ್ದರೆ ನೆರಳಲ್ಲಿ ಒಣಗಿಸಿಯೇ ಇಡಬೇಕು. ಬಟ್ಟೆಯ ಪಟ್ಟಿಗೆ ಬೂಷ್ಟು ಬಂದರೆ ಕೊಳೆಯುತ್ತದೆ.

3) ನೆಟ್ಟು ಹಿಡಿದು ಯಾರೂ ಜೋತಾಡಬಾರದು. ನಾನೂ ಒಂದು ಸಲ ಜೋತಾಡಿದ್ದೆ, ಒಪ್ಪಿಕೊಳ್ಳುತ್ತೇನೆ.

4) ಆಡಲಿಕ್ಕೆ ಎಲ್ಲರೂ ಬರಬೇಕು. ಯಾರಿಂದಲೂ ರೊಕ್ಕ ಬೇಡ.

ಇಲ್ಲಿಯವರೆಗೆ ಕೊಟ್ಟವರ ರೊಕ್ಕ ನನ್ನ ಕಂಪಾಸ್ ಪೆಟ್ಟಿಗೆಯಲ್ಲಿ ಇದೆ, ನಾಳೆ ಬಂದು ತೆಗೆದುಕೊಳ್ಳಿ. ಎಲ್ಲರಿಗೂ ಕೊಟ್ಟು ಮುಗಿದ ಮೇಲೆ ಆ ಹೆಸರಿನ ಪಟ್ಟಿಯನ್ನು ಹರಿದು ಹಾಕುತ್ತೇನೆ. ಅದಕ್ಕೆ ಮಾತ್ರ ಯಾರೂ ತ್ಯಾಪಿ ಹಚ್ಚಬೇಡಿ.

ತಪ್ಪಿದ್ದರೆ ಕ್ಷಮಿಸಿ.

ಇಂತಿ ನಿಮ್ಮ ಸಹಪಾಠಿ,
ಏಳನೇ ತರಗತಿ