ಹಲಗೆಯ ಹೊದಿಕೆ: ಅಗತ್ಯವೋ, ಅಲಂಕಾರವೋ?

ಮಲೆನಾಡಿನ ರೆಸಾರ್ಟ್ ಹಾಗೂ ಹೋಂಸ್ಟೇಗಳ ಸಿಮೆಂಟ್ ಗೋಡೆಗಳ ಮೇಲೆ ಇಂದು ಮರದ ಹಲಗೆಯ ಹೊದಿಕೆ ಕಾಣಿಸುತ್ತಿದೆ. ಹಲಗೆಗಳನ್ನು ಅಡ್ಡಲಾಗಿ ಜೋಡಿಸಿ, ಮೇಲಿನದರ ಅಂಚು ಕೆಳಗಿನದರ ತಲೆಯನ್ನು ಮುಚ್ಚುವಂತೆ ಬಡಿಯುವ ಕ್ರಮವಿದು. ಗೋಡೆಗೆ ಸಹಜತೆಯ ಮೆರುಗು ಬರುತ್ತದೆಂಬುದು ಮಾಲೀಕರ ನಂಬಿಕೆ. ಆದರೆ ಈ ಕ್ರಮ ಹುಟ್ಟಿದ್ದು ಮಳೆ, ಗಾಳಿಗಳನ್ನು ತಡೆಯಲಿಕ್ಕೆ.

ಅಮೆರಿಕದ ಈಶಾನ್ಯ ಭಾಗದಲ್ಲಿ 17ನೆಯ ಶತಮಾನದಲ್ಲಿ ನೆಲೆಸಿದ ಇಂಗ್ಲಿಷ್ ವಲಸಿಗರು ಮರದ ಚೌಕಟ್ಟಿನ ಮನೆಗಳಿಗೆ ಇಂಥ ಹಲಗೆಗಳನ್ನು ಹೊದಿಸುತ್ತಿದ್ದರು. ಮ್ಯಾಸಚೂಸೆಟ್ಸ್‌ನ ಡೆಡಮ್‌ನಲ್ಲಿ ಆ ಶತಮಾನದ ಫೇರ್‌ಬ್ಯಾಂಕ್ಸ್ ಮನೆ ಇಂದಿಗೂ ನಿಂತಿದೆ. ಸುಮಾರು ಒಂದು ಅಂಗುಲದಷ್ಟು ಒಂದರ ಮೇಲೊಂದು ಕೂತ ಹಲಗೆಗಳು ನೀರನ್ನು ಹೊರಗೇ ಇಳಿಸುತ್ತವೆ. ತೇವ ಹೀರಿದ ಹಲಗೆ ಅಗಲಕ್ಕೆ ಹಿಗ್ಗುತ್ತದೆ. ಒಂದೇ ಮೊಳೆ ಎರಡು ಹಲಗೆಗಳನ್ನು ಕಚ್ಚಿ ಹಿಡಿದರೆ ಹಲಗೆ ಸೀಳುತ್ತದೆ. ಆದ್ದರಿಂದ ಪ್ರತಿ ಹಲಗೆಗೂ ಬೇರೆಯೇ ಮೊಳೆ. ಕೆಟ್ಟ ಹಲಗೆಯೊಂದನ್ನೇ ಬದಲಿಸಿದರೆ ಒಳಗಿನ ಚೌಕಟ್ಟು ಉಳಿಯುತ್ತದೆ.

ಈ ತತ್ತ್ವ ಮಲೆನಾಡಿಗೆ ಹೊಸದಲ್ಲ. ಹೆಂಚಿನ ಸಾಲು, ಸೋಗೆಯ ಮಾಡು, ಮಳೆಗಾಲದ ಜಡಿತಟ್ಟಿ ಎಲ್ಲವೂ ಇದೇ ವಿವೇಕದ ರೂಪಗಳು. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಅಧಿಕ ಮಳೆ ಸುರಿಯುವ ಆಗುಂಬೆಯಂಥ ಸೀಮೆಯಲ್ಲಿ ಮಣ್ಣಿನ ಗೋಡೆಯನ್ನು ಕಾಯಲು ತೋಟದಲ್ಲಿ ಉದುರಿದ ಅಡಿಕೆ ಸೋಗೆಯೇ ಸಾಕಾಗುತ್ತಿತ್ತು. ಅದಕ್ಕಾಗಿ ದೊಡ್ಡ ಮರವನ್ನು ಉರುಳಿಸಬೇಕಿರಲಿಲ್ಲ. ಮಳೆ ಹಿಂದೆಗೆದ ಮೇಲೆ ಅದು ಗೊಬ್ಬರದ ಗುಂಡಿ ಸೇರುತ್ತಿತ್ತು.

ಸಿಮೆಂಟ್ ಗೋಡೆಗೆ ಅಂಟಿಸಿದಂತೆ ಬಡಿದ ಹಲಗೆಯ ಕಥೆ ಬೇರೆ. ಅದರ ಹಿಂದೆ ಗಾಳಿಯಾಡುವುದಿಲ್ಲ. ಆಷಾಢದ ತೇವ ಅಲ್ಲೇ ನಿಂತು ಬೂಷ್ಟು, ಗೆದ್ದಲುಗಳಿಗೆ ಆಶ್ರಯವಾಗುತ್ತದೆ. ಹಲಗೆ ಹಾಳಾದಂತೆಲ್ಲ ಮತ್ತೊಂದು ಮರ ಬೇಕು. 1983ರಲ್ಲಿ ಶಿರಸಿ ಸೀಮೆಯ ಸಲ್ಕಣಿಯ ಜನರು ಮರಗಳನ್ನು ಅಪ್ಪಿ ವಾಣಿಜ್ಯ ಕಡಿತಲೆಯನ್ನು ತಡೆದರು. ಅಂದು ಕೊಡಲಿಯ ಮುಂದೆ ನಿಂತು ಉಳಿಸಿದ ಕಾಡು ಇಂದು ಶೋಕಿಯ ಬೇಡಿಕೆಗೆ ಸದ್ದಿಲ್ಲದೆ ಕರಗಬಾರದು.

ಮನೆ ಕಟ್ಟುವವರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಈ ಗೋಡೆಗೆ ಹೊದಿಕೆ ನಿಜವಾಗಿಯೂ ಬೇಕೇ? ಹಲಗೆ ಯಾವ ಮರದ್ದು, ಎಲ್ಲಿಂದ ಬಂದದ್ದು? ಅದರ ಹಿಂದೆ ಗಾಳಿಯಾಡಲು ಸಂದಿಯಿದೆಯೇ? ಬೇಕೇಬೇಕೆಂದರೆ ಹಳೆಯ ಮನೆ ಬಿಚ್ಚಿದಾಗ ಸಿಗುವ ಹಲಗೆಗಳಿವೆ, ಸ್ವಂತ ತೋಟದ ಹಲಸಿದೆ. ವಿದ್ಯಾರ್ಥಿಗಳು ಊರಿನ ಹಿರಿಯರ ಬಳಿ ಕುಳಿತು ಜಡಿತಟ್ಟಿ ಕಟ್ಟುವುದನ್ನು ಕಲಿಯಲಿ. ಕಾಡನ್ನು ಬರಿದು ಮಾಡಿ ಗೋಡೆಯ ಮೇಲೆ ಕಾಡಿನ ಚೆಲುವನ್ನು ಮೆರೆಸುವುದು ಮಲೆನಾಡಿಗೆ ಶೋಭೆಯಲ್ಲ.