ಅಂಗಡಿ ಇದೆ, ರೊಕ್ಕ ಇದೆ, ಕಾಗದ ಎಲ್ಲಿದೆ?

ದಾಂಡೇಲಿಯ ಕಿರಾಣಿ ಅಂಗಡಿ, ಹಳಿಯಾಳದ ಗ್ಯಾರೇಜು, ಜೋಯಿಡಾದ ಹೋಂಸ್ಟೇ, ಮುಂಡಗೋಡದ ಸ್ವೆಟರ್ ವ್ಯಾಪಾರ. ನಾಲ್ಕೂ ಸ್ವಂತ ದುಡಿಮೆ, ನಾಲ್ಕಕ್ಕೂ ಮೇಲೊಬ್ಬ ಸಾಹೇಬ ಇಲ್ಲ. ಆದರೆ ಇವುಗಳ ಧಣಿ ಯಾರೇ ಆಗಲಿ, 'ಪರದೇಶಕ್ಕೆ ಹೋಗಿ ಅಲ್ಲೇ ನಾಲ್ಕಾರು ವರ್ಷ ಧಂದೆ ಮಾಡೋಣ' ಎಂದು ಹೊರಟರೆ ಮೊದಲು ಎದುರಾಗುವುದು ರೊಕ್ಕದ ಪ್ರಶ್ನೆಯಲ್ಲ, ಕಾಗದದ ಪ್ರಶ್ನೆ. ನೌಕರಿಯವನು ಸಂಬಳದ ಚೀಟಿ ತೋರಿಸುತ್ತಾನೆ, ಕಂಪನಿಯ ಪತ್ರ ಇಡುತ್ತಾನೆ. ಅಂಗಡಿಯವನಿಗೆ ಸಂಬಳದ ಚೀಟಿ ಬರೆದುಕೊಡುವವರು ಯಾರು? ದೇಶಕ್ಕೆಲ್ಲ ಕಾಗದ ಮಾಡಿ ಕಳಿಸುವ ದಾಂಡೇಲಿಯಲ್ಲೇ ಕಾಗದಕ್ಕೆ ಬರ!

ಒಂದೇ ಹೆಸರು, ಮೂರು ವೀಸಾ

ಊರಲ್ಲಿ ಎಲ್ಲಕ್ಕೂ 'ಬಿಸಿನೆಸ್ ವೀಸಾ' ಅಂದುಬಿಡುತ್ತಾರೆ. ಗೊಂದಲ ಹುಟ್ಟುವುದೇ ಇಲ್ಲಿ. ಮಾಲು ನೋಡಲು, ಮಾತುಕತೆ ಮಾಡಲು ಹೋಗಿ ಬರುವುದು ಒಂದು ವೀಸಾ. ಯುರೋಪಿನ ಷೆಂಗೆನ್ ದೇಶಗಳಲ್ಲಿ ಇದರ ಮಿತಿ ಯಾವುದೇ 180 ದಿನಗಳಲ್ಲಿ 90 ದಿನ. ಅಲ್ಲಿನ ಮಾಲೀಕನ ಕೈಕೆಳಗೆ ದುಡಿಯಲು ಹೋಗುವುದು ಎರಡನೆಯದು. ಅಲ್ಲೇ ವರ್ಷಗಟ್ಟಲೆ ಇದ್ದು ಸ್ವಂತ ವ್ಯಾಪಾರ ನಡೆಸುವುದು ಮೂರನೆಯದು. ಈ ಮೂರನೆಯದನ್ನು ಆಯಾ ದೇಶ ತನ್ನ ಸ್ವಂತ ಕಾನೂನಿನಂತೆ ಕೊಡುತ್ತದೆ. ಮೊದಲನೆಯದನ್ನು ಹಿಡಿದು ಹೋಗಿ ಮೂರನೆಯದರ ಕೆಲಸ ಮಾಡಿದರೆ ಅದು ಅಪರಾಧ. ಸಿಕ್ಕಿಬಿದ್ದರೆ ಮುಂದಿನ ಬಾಗಿಲೂ ಮುಚ್ಚುತ್ತದೆ.

ಕೇಳುವುದು ಏನು?

ಜರ್ಮನಿ ಹಿಂದೆ ಎರಡೂವರೆ ಲಕ್ಷ ಯೂರೋ ಬಂಡವಾಳ, ಐದು ಜನರಿಗೆ ಕೆಲಸ ಎಂಬ ಅಳತೆಗೋಲು ಇಟ್ಟಿತ್ತು. 2012ರಲ್ಲಿ ಅದನ್ನು ತೆಗೆಯಿತು. ಹಾಗಂತ ಬಾಗಿಲು ತೆರೆದೇ ಇದೆ ಎಂದಲ್ಲ. ನಿಮ್ಮ ಧಂದೆಯಿಂದ ನಮ್ಮೂರಿಗೆ ಏನು ಲಾಭ, ಬಂಡವಾಳ ಎಲ್ಲಿಂದ ಎಂದು ಕೇಳುತ್ತಾರೆ. ಅರ್ಜಿದಾರನಿಗೆ 45 ದಾಟಿದ್ದರೆ ಮುಪ್ಪಿನ ಕಾಲಕ್ಕೆ ಏನು ವ್ಯವಸ್ಥೆ ಎಂದೂ ತೋರಿಸಬೇಕು. ಫ್ರಾನ್ಸು ಆ ವ್ಯಾಪಾರದಿಂದ ಅಲ್ಲಿನ ಕನಿಷ್ಠ ವೇತನದಷ್ಟಾದರೂ ಹುಟ್ಟಬೇಕು ಎನ್ನುತ್ತದೆ. ಇಂಗ್ಲೆಂಡಿನಲ್ಲಿ ಎರಡು ಲಕ್ಷ ಪೌಂಡು ತೋರಿಸಿ ಹೋಗುವ ಹಳೆಯ ದಾರಿ 2019ರ ಮಾರ್ಚಿನಲ್ಲೇ ಹೊಸಬರಿಗೆ ಮುಚ್ಚಿತು. ಅಮೆರಿಕದಲ್ಲಿ ಬಂಡವಾಳ ಹಾಕಿ ಧಂದೆ ನಡೆಸುವವರಿಗೆಂದು 'ಇ-2' ವೀಸಾ ಇದೆ. ಆದರೆ ಅದು ಒಪ್ಪಂದ ಮಾಡಿಕೊಂಡ ದೇಶದವರಿಗೆ ಮಾತ್ರ, ಭಾರತ ಆ ಪಟ್ಟಿಯಲ್ಲಿ ಇಲ್ಲ. ಭಾರತದ ಪಾಸ್‌ಪೋರ್ಟಿಗೆ 'ಇ-2 ಮಾಡಿಸಿಕೊಡ್ತೀವಿ' ಎನ್ನುವವನ ಮಾತು ಅಲ್ಲಿಗೇ ಸುಳ್ಳು.

ದುಬೈ ಹತ್ತಿರ, ದುಬೈ ಸುಲಭ ಎಂಬ ಮಾತಿದೆ. 2021ರ ಜೂನ್‌ನಿಂದ ಯುಎಇಯಲ್ಲಿ ಬಹಳಷ್ಟು ಧಂದೆಗಳಿಗೆ ಸ್ಥಳೀಯ ಪಾಲುದಾರ ಬೇಕಾಗಿಲ್ಲ, ಇದು ನಿಜ. 2022ರಲ್ಲಿ ಸ್ವಂತ ದುಡಿಮೆಯವರಿಗೆ ಐದು ವರ್ಷದ 'ಗ್ರೀನ್ ವೀಸಾ' ಬಂತು, ಇದೂ ನಿಜ. ಆದರೆ ಷರತ್ತು ಓದಿ: ಡಿಗ್ರಿ ಇಲ್ಲವೇ ವಿಶೇಷ ಡಿಪ್ಲೊಮಾ ಬೇಕು, ಹಿಂದಿನ ಎರಡು ವರ್ಷಗಳ ಸ್ವಂತ ದುಡಿಮೆಯ ಆದಾಯ 3 ಲಕ್ಷ 60 ಸಾವಿರ ದಿರ್ಹಮ್‌ಗೆ ಕಡಿಮೆ ಇರಬಾರದು. ರೂಪಾಯಿಯಲ್ಲಿ ಅದು 80 ಲಕ್ಷ ಮೀರುತ್ತದೆ. ಹಳಿಯಾಳದ ಪೇಟೆಯಲ್ಲಿ ಇಷ್ಟು ಆದಾಯವನ್ನು ಬರಹದಲ್ಲಿ ತೋರಿಸಬಲ್ಲವರು ಎಷ್ಟು ಜನ?

ಬರಹದಲ್ಲಿ. ಗುಟ್ಟು ಇರುವುದು ಆ ಮಾತಿನಲ್ಲೇ.

ಪೇಟೆಯ ಪತ ದೂತಾವಾಸಕ್ಕೆ ಕಾಣದು

ಮೂವತ್ತು ವರ್ಷ ಅಂಗಡಿ ನಡೆಸಿದವನಿಗೆ ಪೇಟೆಯಲ್ಲಿ ಪತ ಇರುತ್ತದೆ. ಹುಬ್ಬಳ್ಳಿಯ ಹೋಲ್‌ಸೇಲಿನವರು ಬಾಯಿಮಾತಿಗೇ ಮಾಲು ಕಳಿಸುತ್ತಾರೆ. ಗಿರಾಕಿಗಳ ಉದ್ರಿ ಕೆಂಪು ಪುಸ್ತಕದಲ್ಲಿರುತ್ತದೆ, ಇಲ್ಲವೇ ತಲೆಯಲ್ಲಿರುತ್ತದೆ. ಬೆಂಗಳೂರಿನಲ್ಲಿ ಕೂತ ವೀಸಾ ಅಧಿಕಾರಿಗೆ ಈ ಪತ ಕಾಣುವುದಿಲ್ಲ. ಅವನು ನೋಡುವುದು ಆದಾಯ ತೆರಿಗೆ ರಿಟರ್ನು, ಜಿಎಸ್‌ಟಿ ಲೆಕ್ಕ, ಬ್ಯಾಂಕಿನ ಪಟ್ಟಿ, ನಗರಸಭೆಯದೋ ಪಂಚಾಯಿತಿಯದೋ ಪರವಾನಗಿ. ನಾಲ್ಕರ ಅಂಕಿಯೂ ಒಂದಕ್ಕೊಂದು ತಾಳೆ ಆಗಬೇಕು. ಅರ್ಜಿಗೆ ಹದಿನೈದು ದಿನ ಮೊದಲು ಮಾವನ ಖಾತೆಯಿಂದ ಐದು ಲಕ್ಷ ತಂದು ತುಂಬಿದರೆ ಅದು ಬಲ ಅಲ್ಲ, ಅನುಮಾನ.

2025ರ ಜುಲೈಯಲ್ಲಿ ನಡೆದದ್ದು ನೆನಪಿರಬಹುದು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟಿತು. ಬೆಂಗಳೂರಿನ ಎಷ್ಟೋ ಅಂಗಡಿಗಳು ಕ್ಯೂಆರ್ ಚೀಟಿ ಕಿತ್ತು 'ನಗದು ಮಾತ್ರ' ಎಂದು ಬೋರ್ಡು ಹಾಕಿದವು. ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಇಲ್ಲ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ ಮೇಲೆ ಗದ್ದಲ ತಣ್ಣಗಾಯಿತು. ಸಿಟ್ಟಿಗೆ ಕಾರಣ ಇತ್ತು, ಸರಿ. ಆದರೆ ಚೀಟಿ ಕಿತ್ತವನು ತನ್ನ ದುಡಿಮೆಯ ಸಾಕ್ಷಿಯನ್ನೂ ಕಿತ್ತುಹಾಕಿದ. ತೆರಿಗೆಯವರಿಗೆ ಕಾಣದ ವ್ಯಾಪಾರ ದೂತಾವಾಸಕ್ಕೂ ಕಾಣದು, ಬ್ಯಾಂಕಿನ ಸಾಲಕ್ಕೂ ಕಾಣದು.

ಇನ್ನೊಂದು ತಪ್ಪು ತಿಳುವಳಿಕೆ ಇದೆ. 2025ರ ಬಜೆಟ್ಟಿನ ನಂತರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ. 'ಟ್ಯಾಕ್ಸೇ ಇಲ್ಲ ಅಂದ ಮೇಲೆ ರಿಟರ್ನು ಯಾಕೆ?' ಎಂದು ಕೇಳುವವರಿದ್ದಾರೆ. ಆದಾಯ 4 ಲಕ್ಷ ದಾಟಿದರೆ ತೆರಿಗೆ ಸೊನ್ನೆಯಾದರೂ ರಿಟರ್ನು ಸಲ್ಲಿಸಬೇಕು, ಅದು ಕಾನೂನು. ಕಾನೂನು ಬದಿಗಿಟ್ಟರೂ ಆ ಸೊನ್ನೆಯ ಕಾಗದವೇ ನಾಳೆ ಅಂಗಡಿಯವನ ಸಂಬಳದ ಚೀಟಿ.

ಎಸ್ಸೆಸ್ಸೆಲ್ಸಿ ಮುಗಿಸದವರಿಗೆ ಇದರಿಂದ ಬೇರೆ ಲಾಭವೂ ಇದೆ. 1983ರ ವಲಸೆ ಕಾಯ್ದೆಯಂತೆ ಅವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ 'ಇಸಿಆರ್' ಷರಾ ಬೀಳುತ್ತದೆ; ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ದುಡಿಯಲು ಹೋಗುವಾಗ ಸರ್ಕಾರದ ಅನುಮತಿ ಬೇಕು. ಆದಾಯ ತೆರಿಗೆ ಕಟ್ಟುವವರಿಗೆ ಈ ತಡೆ ಇಲ್ಲ.

ಜೋಯಿಡಾದವರ ತೊಡಕು ಬೇರೆ ಥರ. ಗಣೇಶಗುಡಿಯಲ್ಲಿ ರಾಫ್ಟಿಂಗು ನಡೆಯುವುದು ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಾತ್ರ. ರಜೆ ಬಂದರೆ ಹೋಂಸ್ಟೇ ಭರ್ತಿ, ಮಳೆಗಾಲದಲ್ಲಿ ಖಾಲಿ. ಬ್ಯಾಂಕಿನ ಪಟ್ಟಿಯಲ್ಲಿ ಎರಡು ತಿಂಗಳು ಬೆಟ್ಟ, ಮೂರು ತಿಂಗಳು ಬಯಲು. ಇದು ಸೀಜನ್ ಧಂದೆ ಎಂದು ವಿವರಿಸುವ ಪತ್ರ, ಎರಡು ಮೂರು ವರ್ಷದ ಲೆಕ್ಕ ಜೊತೆಗಿಟ್ಟರೆ ಅಧಿಕಾರಿಗೆ ಅರ್ಥವಾದೀತು. ಬರೀ ಪಟ್ಟಿ ಇಟ್ಟರೆ ದಿವಾಳಿಯಂತೆ ಕಂಡೀತು.

ಮುಂಡಗೋಡದ ಪಾಠ

ಕಾಗದ ಇಲ್ಲದೆ ಹೋದರೆ ಏನಾಗುತ್ತದೆ ಎಂಬುದನ್ನು ಈ ಭಾಗದಲ್ಲಿ ಚೆನ್ನಾಗಿ ಬಲ್ಲವರು ಮುಂಡಗೋಡದ ಟಿಬೆಟಿಯನ್ನರು. 1966ರಲ್ಲಿ ಇಲ್ಲಿ ಕ್ಯಾಂಪು ಆಯಿತು. ಚಳಿಗಾಲ ಬಂದರೆ ಮನೆಮಂದಿ ಲೂಧಿಯಾನದ ಮಾಲನ್ನು ಉದ್ರಿ ತಂದು ಊರೂರು ಪೇಟೆಯಲ್ಲಿ ಸ್ವೆಟರ್ ಮಾರುತ್ತಾರೆ. ಇವರಿಗಿಂತ ಅಪ್ಪಟ ಸ್ವಂತ ದುಡಿಮೆಯವರು ಯಾರು? ಆದರೆ ಇವರಲ್ಲಿ ಬಹಳ ಜನರ ಕೈಲಿರುವುದು ಪಾಸ್‌ಪೋರ್ಟಲ್ಲ. ಇಲ್ಲಿ ಇರಲು ಆರ್‌ಸಿ ಎಂಬ ನೋಂದಣಿ ಪತ್ರ, ಹೊರಗೆ ಹೋಗಲು ಐಸಿ ಎಂಬ ಹಳದಿ ಪುಸ್ತಕ. ಹೊರಡುವಾಗ ನಿರ್ಗಮನ ಪರವಾನಗಿ ಬೇಕು. 'ನೋರಿ', ಅಂದರೆ ಮರಳಿ ಬರಲು ಆಕ್ಷೇಪಣೆ ಇಲ್ಲ ಎಂಬ ಷರಾ ಬೇಕು. ಅದಿಲ್ಲದೆ ಹೋದವನಿಗೆ ತನ್ನ ಮನೆಗೆ ತಾನೇ ವಾಪಸು ಬರುವುದು ಕಷ್ಟ. ಇಷ್ಟೆಲ್ಲ ಆದ ಮೇಲೂ ಹಳದಿ ಪುಸ್ತಕವನ್ನು ಎಲ್ಲ ದೇಶಗಳೂ ಒಂದೇ ಥರ ಒಪ್ಪುವುದಿಲ್ಲ.

ಕೆಲವರು ಕೋರ್ಟಿಗೆ ಹೋದರು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರು ಹುಟ್ಟಿನಿಂದಲೇ ಭಾರತದ ಪ್ರಜೆಗಳು ಎಂದು ದಿಲ್ಲಿ ಹೈಕೋರ್ಟು 2010ರಲ್ಲಿ ಹೇಳಿತು. ಡ್ರೆಪುಂಗ್ ಮಠದ ಲಿಂಗ್ ರಿಂಪೋಚೆಯವರ ಪ್ರಕರಣದಲ್ಲಿ ನಮ್ಮ ಕರ್ನಾಟಕ ಹೈಕೋರ್ಟು 2013ರಲ್ಲಿ ಅದೇ ದಾರಿ ಹಿಡಿಯಿತು. ಅಂಥವರಿಗೆ ಪಾಸ್‌ಪೋರ್ಟು ಕೊಡಿ ಎಂದು ವಿದೇಶಾಂಗ ಇಲಾಖೆ ಕಚೇರಿಗಳಿಗೆ ತಿಳಿಸಿದ್ದು 2017ರಲ್ಲಿ. ಆದರೆ ತಾರೀಖಿನ ಆಚೆ ಹುಟ್ಟಿದವರಿಗೆ ತಂದೆ ಇಲ್ಲವೇ ತಾಯಿ ಭಾರತದ ಪ್ರಜೆ ಎಂದು ತೋರಿಸದೆ ಆ ಬಾಗಿಲು ಇಲ್ಲ. ಒಂದೇ ಮನೆಯಲ್ಲಿ ಅಣ್ಣನಿಗೆ ಪಾಸ್‌ಪೋರ್ಟು, ತಮ್ಮನಿಗೆ ಹಳದಿ ಪುಸ್ತಕ ಆದೀತು.

ಅಲ್ಲಿ ಹಕ್ಕಿಗಾಗಿ ಕೋರ್ಟು ಹತ್ತಿ ಕಾಗದ ಪಡೆದರು. ಇಲ್ಲಿ ಹುಟ್ಟಿನಿಂದ ಹಕ್ಕಿದ್ದವರು ಹಾಳೆ ಬರೆಯಲು ಬೇಸರ ಮಾಡುತ್ತಾರೆ.

ಏಜೆಂಟನ ಹಂಗು ಯಾಕೆ?

ಈ ಬೇಸರವೇ ಏಜೆಂಟನ ಬಂಡವಾಳ. ಇಲ್ಲದ ಲೆಕ್ಕ ಹುಟ್ಟಿಸಿ ಕೊಡುತ್ತೇನೆ ಎನ್ನುತ್ತಾನೆ. ಸುಳ್ಳು ಕಾಗದ ಸಿಕ್ಕರೆ ಹೆಸರು ಕೆಡುವುದು ಅರ್ಜಿದಾರನದು, ಏಜೆಂಟನದಲ್ಲ. ವೀಸಾ ತಿರಸ್ಕಾರವಾದರೂ ಫೀ ವಾಪಸು ಬರುವುದಿಲ್ಲ. ಹೆಂಡತಿಯ ಬಂಗಾರ ಅಡವಿಟ್ಟು, ಅಂಗಡಿಯ ಕೀಲಿ ಬೇರೆಯವರಿಗೆ ಕೊಟ್ಟು ಹೊರಟವನಿಗೆ ಆಮೇಲೆ ಈ ಕಡೆಯೂ ಇಲ್ಲ, ಆ ಕಡೆಯೂ ಇಲ್ಲ. ದೂತಾವಾಸದ ಷರತ್ತಿನ ಪಟ್ಟಿ ಅವರದೇ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಪಾಸ್‌ಪೋರ್ಟಿನ ಕೆಲಸಕ್ಕೆ ಹುಬ್ಬಳ್ಳಿಯಲ್ಲೇ ಸೇವಾ ಕೇಂದ್ರವಿದೆ, ಬಸ್ಸಿನಲ್ಲಿ ಹೋಗಿ ಬರಬಹುದು.

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬಂತೆ ಅರ್ಜಿ ಬರೆಯುವ ವಾರ ಲೆಕ್ಕ ಹುಡುಕಿದರೆ ಆಗದು. ಹೋಗುವ ಮನಸ್ಸಿದ್ದವರು ಮೂರು ವರ್ಷ ಮೊದಲೇ ರಿಟರ್ನು ಶುರು ಮಾಡಲಿ, ಅಂಗಡಿಯ ಖಾತೆ ಮನೆಯ ಖಾತೆ ಬೇರೆ ಮಾಡಲಿ, ಪರವಾನಗಿ ಪ್ರತಿವರ್ಷ ನವೀಕರಿಸಲಿ. ಹೋಗದೆ ಉಳಿದರೂ ನಷ್ಟವಿಲ್ಲ. ಅದೇ ಕಾಗದಕ್ಕೆ ಇಲ್ಲಿನ ಬ್ಯಾಂಕು ಸಾಲ ಕೊಡುತ್ತದೆ. ದೀಪಾವಳಿಗೆ ಕೀರ್ದಿ ಪುಸ್ತಕಕ್ಕೆ ಕುಂಕುಮ ಹಚ್ಚಿ ಪೂಜೆ ಮಾಡುವುದು ಈ ಪೇಟೆಗಳಲ್ಲಿ ಇನ್ನೂ ನಿಂತಿಲ್ಲ. ಪೂಜೆ ಆದ ಮಾರನೇ ದಿನದಿಂದ ಅದರಲ್ಲಿ ಬರೆಯುವುದೂ ಆಗಲಿ.